ಬಾಸೆಲ್ ನೋಡುವುದು ಹೇಗೆ? ಟ್ರಾಮ್ ಹತ್ತಿ, ಕೊನೆಯ ನಿಲ್ದಾಣದಲ್ಲಿ ಇಳಿಯಿರಿ

ಕರಾವಳಿಯ ಹಳೆಯ ಮನೆಯೊಂದರ ಹೆಂಚನ್ನು ಮಗುಚಿ ನೋಡಿದರೆ ಯುರೋಪಿನ ಒಂದು ಊರಿನ ಹೆಸರು ಅಚ್ಚಾಗಿರುವುದು ಕಾಣಬಹುದು: ಬಾಸೆಲ್. ಮಿಷನ್ ಶಾಲೆ, ಮಿಷನ್ ಕಾಂಪೌಂಡುಗಳಿಂದಾಗಿ ಧಾರವಾಡ, ಹುಬ್ಬಳ್ಳಿ, ಬೆಟಗೇರಿಯವರಿಗೂ ಈ ಹೆಸರು ಹೊಸದಲ್ಲ. ಹಾಗಿದ್ದರೂ ಸ್ವಿಟ್ಜರ್ಲೆಂಡಿಗೆ ಹೋಗುವ ನಮ್ಮವರು ಜೂರಿಕ್‌ನಲ್ಲಿ ಇಳಿದು, ಹಿಮದ ಬೆಟ್ಟ ಹತ್ತಿ, ಚಾಕೊಲೇಟ್ ಕೊಂಡು ಮುಂದಿನ ದೇಶಕ್ಕೆ ಹೊರಟುಬಿಡುತ್ತಾರೆ. ಜೂರಿಕ್‌ನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆ ಕುಳಿತರೆ ಸಾಕು, ಸ್ವಿಟ್ಜರ್ಲೆಂಡ್, ಜರ್ಮನಿ, ಫ್ರಾನ್ಸ್ ಮೂರೂ ಕೂಡುವ ಈ ಊರು ಸಿಗುತ್ತದೆ. ಕಲೆ, ಕಟ್ಟಡ, ಜನಜೀವನ ಇಷ್ಟು ಸಣ್ಣ ಜಾಗದಲ್ಲಿ ಇಷ್ಟು ದಟ್ಟವಾಗಿರುವ ಊರು ಯುರೋಪಿನಲ್ಲಿ ಅಪರೂಪ ಎಂಬುದು ನನ್ನ ಅಭಿಪ್ರಾಯ.

ಪ್ರವಾಸಿಗರ ಸಾಲು ತಪ್ಪಿಸಿ ಊರು ನೋಡಲು ಗುಟ್ಟಿನ ಪಟ್ಟಿಯೇನೂ ಬೇಕಾಗಿಲ್ಲ. ಒಂದು ಕಟ್ಟಡದ ಮುಂದೆ ನಿಂತಾಗ ಎರಡು ಪ್ರಶ್ನೆ ಕೇಳಿಕೊಂಡರಾಯಿತು: ಇದಕ್ಕೆ ದುಡ್ಡು ಕೊಟ್ಟವರು ಯಾರು? ಈಗ ಇದನ್ನು ಬಳಸುತ್ತಿರುವವರು ಯಾರು? ಕೆಳಗಿನ ಕ್ರಮ ಬಾಸೆಲ್‌ಗಾಗಿ ಬರೆದದ್ದು. ನಾಲ್ಕು ದಿನ ಇಟ್ಟುಕೊಂಡರೆ ಅವಸರವಿಲ್ಲದೆ ಮುಗಿಯುತ್ತದೆ.

ಮೊದಲು ತಿಂಗಳನ್ನು ನಿಶ್ಚಯಿಸಿ

ನದಿಗೆ ಇಳಿಯುವ ಆಸೆಯಿದ್ದರೆ ಜುಲೈ, ಆಗಸ್ಟ್. ಖಾಸಗಿ ಕಟ್ಟಡಗಳ ಒಳಗನ್ನೂ ನೋಡಬೇಕೆಂದರೆ ಸೆಪ್ಟೆಂಬರ್. ಆ ತಿಂಗಳು ಯುರೋಪಿನಾದ್ಯಂತ ಪರಂಪರಾ ದಿನಗಳು ನಡೆಯುತ್ತವೆ, ಮಾಮೂಲಿ ದಿನಗಳಲ್ಲಿ ಮುಚ್ಚಿರುವ ಎಷ್ಟೋ ಬಾಗಿಲುಗಳು ತೆರೆಯುತ್ತವೆ. ಜನವರಿಯಲ್ಲಿ ಮ್ಯೂಸಿಯಂಗಳು ಒಂದು ರಾತ್ರಿ ತಡಹೊತ್ತಿನವರೆಗೆ ತೆರೆದಿರುತ್ತವೆ. ಜೂನ್‌ನಲ್ಲಿ ಆರ್ಟ್ ಬಾಸೆಲ್ ಎಂಬ ಕಲಾಮೇಳ ನಡೆಯುವಾಗ ಹೋಟೆಲ್ ಬಾಡಿಗೆ ಗಗನಕ್ಕೇರುತ್ತದೆ. ಮೇಳಕ್ಕೆಂದೇ ಹೋಗುವವರು ಬಿಟ್ಟರೆ ಉಳಿದವರು ಆ ವಾರವನ್ನು ತಪ್ಪಿಸುವುದು ಒಳ್ಳೆಯದು.

ಎಲ್ಲಕ್ಕಿಂತ ದೊಡ್ಡದು ಫಾಸ್ನಾಖ್ಟ್ ಹಬ್ಬ. ಫೆಬ್ರುವರಿ ಅಥವಾ ಮಾರ್ಚ್‌ನಲ್ಲಿ, ಕ್ರೈಸ್ತರ ಬೂದಿ ಬುಧವಾರ ಕಳೆದ ಮೇಲಿನ ಸೋಮವಾರ ಬೆಳಗಿನ ಜಾವ ನಾಲ್ಕಕ್ಕೆ ಊರಿನ ಬೀದಿದೀಪಗಳೆಲ್ಲ ಆರುತ್ತವೆ. ಕತ್ತಲಲ್ಲಿ ಪಿಕೊಲೊ ಕೊಳಲು, ಡೋಲುಗಳ ಸದ್ದು ಏಳುತ್ತದೆ, ಬಣ್ಣ ಬಳಿದ ಭಾರಿ ಲಾಟೀನುಗಳು ಗಲ್ಲಿಗಳಿಂದ ಹೊರಬರುತ್ತವೆ. ಆ ವರ್ಷದ ರಾಜಕೀಯವನ್ನು, ಊರಿನ ಹಗರಣಗಳನ್ನು ಅಣಕಿಸುವ ಚಿತ್ರಗಳು ಅವುಗಳ ಮೇಲಿರುತ್ತವೆ. ಸರಿಯಾಗಿ 72 ಗಂಟೆ ನಡೆಯುವ ಈ ಹಬ್ಬ 2017ರಲ್ಲಿ ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು. ಜನಜಂಗುಳಿಯಲ್ಲಿ ಲಾಟೀನುಗಳನ್ನು ಸರಿಯಾಗಿ ನೋಡಲು ಆಗದು. ಸೋಮವಾರ ಸಂಜೆಯಿಂದ ಅವನ್ನು ಮ್ಯುನ್‌ಸ್ಟರ್ ಚರ್ಚಿನ ಮುಂದಿನ ಚೌಕದಲ್ಲಿ ಸಾಲಾಗಿ ನಿಲ್ಲಿಸುತ್ತಾರೆ, ಅಲ್ಲಿ ನೋಡಿ. ಇನ್ನೊಂದು ಮಾತು: ವೇಷ ಹಾಕುವುದು ತಂಡಗಳವರ ಹಕ್ಕು. ನೋಡುಗರು ಮುಖಕ್ಕೆ ಬಣ್ಣ ಬಳಿದುಕೊಂಡು ಹೋದರೆ ಊರಿನವರಿಗೆ ಸೇರುವುದಿಲ್ಲ. ಬದಲಿಗೆ ಬೀದಿಯಲ್ಲಿ ಮಾರುವ ಹಬ್ಬದ ಬ್ಯಾಡ್ಜ್ ಕೊಂಡು ಕೋಟಿಗೆ ಸಿಕ್ಕಿಸಿಕೊಳ್ಳಿ. ಖರ್ಚಿಗೆ ನೀವೂ ಕೈಜೋಡಿಸಿದಂತಾಗುತ್ತದೆ.

ಊರಿನೊಳಗೇ ಉಳಿಯಿರಿ

ಅಗ್ಗವೆಂದು ಗಡಿಯಾಚೆ ಜರ್ಮನಿಯಲ್ಲೋ ಫ್ರಾನ್ಸಿನಲ್ಲೋ ಕೋಣೆ ಹಿಡಿಯುವವರಿದ್ದಾರೆ. ಲೆಕ್ಕ ಹಾಕುವಾಗ ಒಂದು ಅಂಶ ಸೇರಿಸಿಕೊಳ್ಳಿ: ಬಾಸೆಲ್ ನಗರದ ಹೋಟೆಲಿನಲ್ಲಿ ಉಳಿದವರಿಗೆ ಬಾಸೆಲ್ ಕಾರ್ಡ್ ಸಿಗುತ್ತದೆ. ಅದರಲ್ಲಿ ಟ್ರಾಮ್, ಬಸ್ ಉಚಿತ, ಮ್ಯೂಸಿಯಂಗಳಲ್ಲಿ ರಿಯಾಯಿತಿ. ಕಾರ್ಡು ಯಾವ ವಲಯದವರೆಗೆ ನಡೆಯುತ್ತದೆ ಎಂದು ಕೌಂಟರಿನಲ್ಲೇ ಕೇಳಿಕೊಳ್ಳಿ, ಗಡಿ ದಾಟಿದ ಮೇಲೆ ಬೇರೆ ಟಿಕೆಟ್ ಬೇಕಾಗಬಹುದು.

ಷೆಂಗೆನ್ ವೀಸಾ ಇದ್ದರೆ ಮೂರೂ ದೇಶಕ್ಕೆ ಸಾಕು. ಟ್ರಾಮಿನಲ್ಲಿ ಕುಳಿತೇ ಗಡಿ ದಾಟುವುದರಿಂದ ಪಾಸ್‌ಪೋರ್ಟ್ ಸದಾ ಜೊತೆಯಲ್ಲಿರಲಿ, ಅಲ್ಲಲ್ಲಿ ತಪಾಸಣೆ ಇರುತ್ತದೆ. ಸ್ವಿಟ್ಜರ್ಲೆಂಡ್ ಯುರೋಪಿಯನ್ ಒಕ್ಕೂಟದಲ್ಲಿಲ್ಲ. ಆದ್ದರಿಂದ ಒಕ್ಕೂಟದ ದೇಶಗಳಿಗೆಂದು ಕೊಂಡ ಸಿಮ್ ಇಲ್ಲಿ ಕೆಲಸ ಮಾಡುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಸೋಮವಾರ ಹೆಚ್ಚಿನ ಮ್ಯೂಸಿಯಂಗಳಿಗೆ ರಜೆ.

ಟ್ರಾಮಿನ ಕೊನೆಯವರೆಗೆ ಹೋಗಿ

ಊರಿನ ಮಧ್ಯಭಾಗ ಎಲ್ಲರಿಗೂ ಸಿಗುತ್ತದೆ. ವಿಶೇಷವಾದದ್ದು ಟ್ರಾಮ್ ಮಾರ್ಗಗಳ ಕೊನೆಯಲ್ಲಿದೆ.

ಒಂದು ದಿನ 10ನೇ ನಂಬರಿನ ಟ್ರಾಮ್ ಹತ್ತಿ ಡೋರ್ನಾಖ್‌ನಲ್ಲಿ ಇಳಿಯಿರಿ. ಸ್ವಲ್ಪ ಹೊತ್ತು ಏರು ಹತ್ತಿದರೆ ಗೋಥೆಯಾನಮ್ ಕಾಣುತ್ತದೆ. ಬೆಂಗಳೂರಿನಲ್ಲೂ ನೆಲೆಯೂರಿರುವ ವಾಲ್ಡಾರ್ಫ್ ಶಿಕ್ಷಣ ಪದ್ಧತಿಯ ಮೂಲಪುರುಷ ರುಡಾಲ್ಫ್ ಸ್ಟೈನರ್ ವಿನ್ಯಾಸ ಮಾಡಿದ ಕಟ್ಟಡ ಇದು. ಮೊದಲು ಇಲ್ಲಿ ಎರಡು ಗುಮ್ಮಟದ ಮರದ ಕಟ್ಟಡವಿತ್ತು. 1922ರ ಕೊನೆಯ ರಾತ್ರಿ ಬೆಂಕಿಗೆ ಆಹುತಿಯಾಯಿತು. ಎರಡನೆಯದನ್ನು ಕಾಂಕ್ರೀಟಿನಲ್ಲಿ ಕಟ್ಟಲು ಸ್ಟೈನರ್ ನಿರ್ಧರಿಸಿದರು. 1925ರಲ್ಲಿ ಅವರು ತೀರಿಕೊಂಡರು, 1928ರಲ್ಲಿ ಕಟ್ಟಡ ತೆರೆಯಿತು. ಕಾಂಕ್ರೀಟ್ ಎಂದರೆ ಚೌಕ ಡಬ್ಬಿ ಎಂದುಕೊಂಡವರು ಇಲ್ಲಿ ಗೋಡೆಗಳು ಬಾಗಿ, ಉಬ್ಬಿ, ಮಡಚಿಕೊಳ್ಳುವ ಬಗೆಯನ್ನು ನಿಧಾನವಾಗಿ ಸುತ್ತುಹಾಕಿ ನೋಡಬೇಕು. ಅಕ್ಕಪಕ್ಕದ ಮನೆಗಳೂ ಇದೇ ಧಾಟಿಯಲ್ಲಿವೆ, ಅವುಗಳಲ್ಲಿ ಜನ ವಾಸವಿದ್ದಾರೆ. ಬಾಯ್ಲರ್ ಮನೆಯ ಹೊಗೆಕೊಳವೆಯನ್ನಂತೂ ತಪ್ಪಿಸಬೇಡಿ. ಸಮಯವಿದ್ದರೆ ಇದೇ ಟ್ರಾಮಿನಲ್ಲಿ ಇನ್ನೊಂದು ತುದಿಗೂ ಹೋಗಬಹುದು. ಅದು ಲೆಮೆನ್ ಎಂಬ ಫ್ರಾನ್ಸಿನ ಹಳ್ಳಿಯನ್ನು ಹಾದು ಮತ್ತೆ ಸ್ವಿಟ್ಜರ್ಲೆಂಡಿಗೆ ಬಂದು ನಿಲ್ಲುತ್ತದೆ.

ಮತ್ತೊಂದು ದಿನವನ್ನು ಪೂರ್ತಿ ವಿಟ್ರಾ ಆವರಣಕ್ಕೆ ಮೀಸಲಿಡಿ. 8ನೇ ಟ್ರಾಮ್ ಜರ್ಮನಿಯ ವೈಲ್ ಆಮ್ ರೈನ್‌ಗೆ ಹೋಗುತ್ತದೆ, ಅಲ್ಲಿಂದ ಸುಮಾರು ಕಾಲು ಗಂಟೆಯ ನಡಿಗೆ. ವಿಟ್ರಾ ಕುರ್ಚಿ, ಮೇಜು ತಯಾರಿಸುವ ಕಂಪನಿ. 1981ರಲ್ಲಿ ಬೆಂಕಿ ಬಿದ್ದು ಕಾರ್ಖಾನೆಯ ದೊಡ್ಡ ಭಾಗ ಸುಟ್ಟುಹೋಯಿತು. ಮತ್ತೆ ಕಟ್ಟುವಾಗ ಮಾಲೀಕರು ಒಬ್ಬರ ಕೈಗೆ ಎಲ್ಲವನ್ನೂ ಒಪ್ಪಿಸದೆ ಒಂದೊಂದು ಕಟ್ಟಡಕ್ಕೆ ಒಬ್ಬೊಬ್ಬ ವಾಸ್ತುಶಿಲ್ಪಿಯನ್ನು ಕರೆದರು. ಫ್ರಾಂಕ್ ಗೆಹ್ರಿ ಯುರೋಪಿನಲ್ಲಿ ಕಟ್ಟಿದ ಮೊದಲ ಕಟ್ಟಡ (1989), ತಡಾವೊ ಆಂಡೊ ಜಪಾನಿನ ಹೊರಗೆ ಕಟ್ಟಿದ ಮೊದಲ ಕಟ್ಟಡಗಳಲ್ಲೊಂದು (1993) ಇಲ್ಲಿವೆ. ಕಾಗದದ ಮೇಲೆ ಮಾತ್ರ ಕಟ್ಟಬಲ್ಲಳು ಎಂಬ ಮಾತಿಗೆ ಗುರಿಯಾಗಿದ್ದ ಜಾಹಾ ಹದೀದ್‌ಗೆ ಮೊದಲ ದೊಡ್ಡ ಅವಕಾಶ ಸಿಕ್ಕಿದ್ದೂ ಇಲ್ಲೇ, ಕಾರ್ಖಾನೆಯ ಅಗ್ನಿಶಾಮಕ ಠಾಣೆಯಾಗಿ (1993). ಬೆಂಕಿಯಿಂದ ಪಾಠ ಕಲಿತ ಕಂಪನಿ ಕಟ್ಟಿಸಿದ ಆ ಠಾಣೆಯಲ್ಲಿ ಈಗ ಅಗ್ನಿಶಾಮಕ ದಳವಿಲ್ಲ, ಪ್ರದರ್ಶನಗಳು ನಡೆಯುತ್ತವೆ. ಅದರ ಒಳಗೆ ನಿಂತಾಗ ಗೋಡೆ, ಸೂರು ಓರೆಯಾಗಿ ದಿಕ್ಕು ತಪ್ಪಿಸುತ್ತವೆ. ಮಾರ್ಗದರ್ಶಿಯ ಜೊತೆಯ ಸುತ್ತಾಟಕ್ಕೆ ಮೊದಲೇ ಜಾಗ ಕಾಯ್ದಿರಿಸಿಕೊಳ್ಳಿ.

ಕನ್ನಡಿಗರಿಗೆ ಇಲ್ಲಿ ಇನ್ನೊಂದು ಕಾರಣವಿದೆ. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಐಐಎಂ ಆವರಣವನ್ನು ರೂಪಿಸಿದ ಬಾಲಕೃಷ್ಣ ದೋಶಿಯವರ ಕೊನೆಯ ಕೃತಿ 2025ರಲ್ಲಿ ವಿಟ್ರಾ ಆವರಣದಲ್ಲಿ ತೆರೆಯಿತು. ಭಾರತದ ಹೊರಗೆ ಕಟ್ಟಲಾದ ಅವರ ಮೊದಲ ಕೃತಿಯೂ ಇದೇ; 2023ರಲ್ಲಿ ತೀರಿಕೊಂಡ ಅವರು ಅದನ್ನು ನೋಡಲಿಲ್ಲ. ಉಕ್ಕಿನ ಗೋಡೆಗಳ ನಡುವೆ ಬಳುಕುತ್ತಾ ನೆಲದೊಳಕ್ಕೆ ಇಳಿಯುವ ಹಾದಿ, ಕೊನೆಯಲ್ಲಿ ಸುಮ್ಮನೆ ಕೂರಲು ಒಂದು ಕೋಣೆ. ಐಐಎಂನ ಕಲ್ಲಿನ ಮೊಗಸಾಲೆಗಳಲ್ಲಿ ನೆರಳು ಬೆಳಕು ಹಾಸಿಕೊಳ್ಳುವುದನ್ನು ಕಂಡವರು ಇಲ್ಲಿ ನಡೆದರೆ, ನಡಿಗೆಯನ್ನೇ ಕಟ್ಟಡವಾಗಿಸುವ ಅವರ ಹಠ ಗೊತ್ತಾಗುತ್ತದೆ.

ವಾಪಸಾಗುವಾಗ ಟ್ರಾಮ್ ಬೇಡ. ವಿಟ್ರಾದಿಂದ ಸ್ವಿಟ್ಜರ್ಲೆಂಡಿನ ರೀಹೆನ್‌ವರೆಗೆ ಸುಮಾರು 5 ಕಿ.ಮೀ. ಉದ್ದದ ಕಾಲುದಾರಿಯಿದೆ. ಕಲಾವಿದ ಟೋಬಿಯಾಸ್ ರೆಬರ್ಗರ್ ದಾರಿಯುದ್ದಕ್ಕೂ 24 ಕಡೆ ಬಣ್ಣದ ಗುರುತುಗಳನ್ನು ಇಟ್ಟಿದ್ದಾರೆ. ಅವನ್ನು ಹುಡುಕುತ್ತಾ ದ್ರಾಕ್ಷಿತೋಟದ ದಿಬ್ಬ ಹತ್ತಿ ಇಳಿದರೆ ದೇಶವೇ ಬದಲಾಗಿರುತ್ತದೆ. ನಡಿಗೆ ಮುಗಿಯುವುದು ಬೈಯಲರ್ ಪ್ರತಿಷ್ಠಾನದ ಬಾಗಿಲಲ್ಲಿ. ರೆಂಜೊ ಪಿಯಾನೊ ವಿನ್ಯಾಸ ಮಾಡಿದ, 1997ರಲ್ಲಿ ತೆರೆದ ಈ ಮ್ಯೂಸಿಯಂ ಸೋಮವಾರವೂ ತೆರೆದಿರುತ್ತದೆ. ಅಲ್ಲಿಂದ 6ನೇ ಟ್ರಾಮ್ ಊರಿನ ನಡುವಿಗೆ ಕರೆತರುತ್ತದೆ. ಇಡೀ ಪ್ರವಾಸದಲ್ಲಿ ಒಂದನ್ನೇ ಆರಿಸಬೇಕಾಗಿ ಬಂದರೆ ನಾನು ಈ ನಡಿಗೆಯನ್ನು ಆರಿಸುತ್ತೇನೆ.

ಮ್ಯೂಸಿಯಂಗೆ ಹೋಗುವ ಮುನ್ನ ಒಂದು ಕಥೆ ತಿಳಿದಿರಲಿ

ಕುನ್ಸ್ಟ್‌ಮ್ಯೂಸಿಯಂ ಬಾಸೆಲ್‌ನ ಮೂಲ ಸಂಗ್ರಹವನ್ನು ನಗರ ಮತ್ತು ವಿಶ್ವವಿದ್ಯಾಲಯ ಸೇರಿ 1661ರಲ್ಲೇ ಕೊಂಡವು. ರಾಜನ ಖಜಾನೆಯಾಗಿರದೆ ಊರಿನ ಸ್ವತ್ತಾಗಿ ಹುಟ್ಟಿದ ಸಂಗ್ರಹ ಅದು. ಆ ಭಾವನೆ ಮೂರು ಶತಮಾನದ ನಂತರ ಪರೀಕ್ಷೆಗೆ ಬಂತು. 1967ರಲ್ಲಿ ಖಾಸಗಿ ವಿಮಾನ ಕಂಪನಿಯೊಂದರ ವಿಮಾನ ಸೈಪ್ರಸ್‌ನಲ್ಲಿ ಅಪಘಾತಕ್ಕೀಡಾಯಿತು. ಕಂಪನಿಯಲ್ಲಿ ಹಣ ಹೂಡಿದ್ದ ಕುಟುಂಬ ಸಂಕಷ್ಟಕ್ಕೆ ಸಿಲುಕಿ, ಈ ಮ್ಯೂಸಿಯಂನಲ್ಲಿ ಇರಿಸಿದ್ದ ಚಿತ್ರಗಳನ್ನು ಮಾರಲು ಹೊರಟಿತು. ಅವುಗಳಲ್ಲಿ ಪಿಕಾಸೊನ ಎರಡು ಚಿತ್ರಗಳಿದ್ದವು. ಅವೆರಡಕ್ಕೆ ಬೆಲೆ 84 ಲಕ್ಷ ಫ್ರಾಂಕ್. ಪ್ರಾಂತ್ಯದ ಸರ್ಕಾರ 60 ಲಕ್ಷ ಕೊಡಲು ಮುಂದಾಯಿತು, ಉಳಿದದ್ದನ್ನು ಎತ್ತಲು ಜನ ಬೀದಿಗಿಳಿದು ‘ಭಿಕ್ಷುಕರ ಹಬ್ಬ’ ನಡೆಸಿದರು. ತೆರಿಗೆ ಹಣದಲ್ಲಿ ಚಿತ್ರ ಕೊಳ್ಳುವುದೇ ಎಂದು ವಿರೋಧಿಸಿದವರು ಜನಮತಗಣನೆಗೆ ಒತ್ತಾಯಿಸಿದರು. ಡಿಸೆಂಬರ್‌ನಲ್ಲಿ ಮತದಾನ ನಡೆದಾಗ ಊರು ಕೊಳ್ಳೋಣ ಎಂದಿತು. ಹಿಂದಿನ ವರ್ಷವಷ್ಟೇ ಈ ಪ್ರಾಂತ್ಯದ ಮಹಿಳೆಯರಿಗೆ ಮತದ ಹಕ್ಕು ಸಿಕ್ಕಿತ್ತು, ಹಾಗಾಗಿ ಆ ತೀರ್ಮಾನದಲ್ಲಿ ಅವರ ಪಾಲೂ ಇದೆ. ಸುದ್ದಿ ಕೇಳಿ ಮನಸೋತ ಪಿಕಾಸೊ ತನ್ನ ನಾಲ್ಕು ಕೃತಿಗಳನ್ನು ಊರಿಗೆ ಉಡುಗೊರೆಯಾಗಿ ಕೊಟ್ಟ.

ಈ ಹಿನ್ನೆಲೆ ತಿಳಿದು ಆ ಕೋಣೆಗೆ ಹೋಗಿ. ಕಾವಲಿಗೆ ನಿಂತ ಹಿರಿಯ ಸಿಬ್ಬಂದಿಯನ್ನು ಆ ಮತದಾನದ ಬಗ್ಗೆ ಕೇಳಿ ನೋಡಿ. ಮಾತು ಬೆಳೆದರೂ ಬೆಳೆಯಬಹುದು.

ಹತ್ತಿರದಲ್ಲೇ, ನಾಟಕಶಾಲೆಯ ಮುಂದೆ, ಜಾನ್ ಟಾಂಗ್ಲಿ 1977ರಲ್ಲಿ ಮಾಡಿದ ಕಾರಂಜಿಯಿದೆ. ಕೆಡವಿದ ಹಳೆಯ ನಾಟಕಶಾಲೆಯ ರಂಗಯಂತ್ರಗಳ ಬಿಡಿಭಾಗಗಳನ್ನು ಜೋಡಿಸಿ ಮಾಡಿದ ಯಂತ್ರಗಳು ಕೊಳದಲ್ಲಿ ನಿಂತು ನೀರು ಚಿಮ್ಮುತ್ತವೆ, ಎರಚುತ್ತವೆ, ಗೋರುತ್ತವೆ. ಊರಿನ ಪಶ್ಚಿಮಕ್ಕೆ ಕಾರ್ಲ್ ಮೋಸರ್ ಕಟ್ಟಿದ ಸಂತ ಅಂತೋನಿಯ ಚರ್ಚನ್ನೂ (1925–27) ನೋಡಿ. ಬಳಿಯದೆ ಬಿಟ್ಟ ಕಾಂಕ್ರೀಟನ್ನು ಕಂಡು ಅಂದಿನ ಜನ ಇದನ್ನು ‘ಆತ್ಮಗಳ ಕಣಜ’ ಎಂದು ಹೀಗಳೆದಿದ್ದರು. ಬಿಸಿಲಿದ್ದಾಗ ಒಳಗೆ ಹೋಗಿ, ಬಣ್ಣದ ಗಾಜಿನ ಬೆಳಕು ಆ ಬೂದು ಕಂಬಗಳ ಮೇಲೆ ಬೀಳುವುದನ್ನು ನೋಡಬೇಕು.

ನದಿಯನ್ನು ದಾಟಿ, ಬಲ್ಲವರು ಈಜಿ

ರೈನ್ ನದಿಯಲ್ಲಿ ನಾಲ್ಕು ಕಡೆ ಎಂಜಿನ್ ಇಲ್ಲದ ದೋಣಿಗಳಿವೆ. ನದಿಗೆ ಅಡ್ಡಲಾಗಿ ಕಟ್ಟಿದ ತಂತಿಗೆ ದೋಣಿಯನ್ನು ಬಿಗಿದು, ಓರೆಮಾಡಿದರೆ ನೀರಿನ ಸೆಳೆತವೇ ಆಚೆ ದಡಕ್ಕೆ ತಳ್ಳುತ್ತದೆ. ಬೇಸಿಗೆ ಸಂಜೆ ಕಚೇರಿ ಮುಗಿಸಿದವರು ಬಟ್ಟೆಬರೆಯನ್ನು ಮೀನಿನಾಕಾರದ ಜಲನಿರೋಧಕ ಚೀಲದಲ್ಲಿ ತುರುಕಿ, ಬಾಯಿ ಸುತ್ತಿ ಬಿಗಿದು, ಅದನ್ನು ಹಿಡಿದುಕೊಂಡೇ ಪ್ರವಾಹದೊಂದಿಗೆ ತೇಲುತ್ತಾ ಮನೆಯ ಕಡೆ ಹೋಗುತ್ತಾರೆ. ಚೀಲ ಊರಿನ ಅಂಗಡಿಗಳಲ್ಲಿ ಸಿಗುತ್ತದೆ. ಆದರೆ ಇದು ಚೆನ್ನಾಗಿ ಈಜು ಬಲ್ಲವರಿಗೆ ಮಾತ್ರ. ಬಲದಂಡೆಯಾದ ಕ್ಲೈನ್‌ಬಾಸೆಲ್ ಬದಿಯಲ್ಲೇ ಇರಿ, ನಡುವೆ ಸರಕು ಹಡಗುಗಳು ಓಡಾಡುತ್ತವೆ. ಸೇತುವೆಯ ಕಂಬಗಳಿಂದ ದೂರವಿರಿ, ಒಬ್ಬರೇ ಇಳಿಯಬೇಡಿ.

ಮಿಷನ್ ಮನೆಗೆ ಮೊದಲೇ ಪತ್ರ ಬರೆಯಿರಿ

1815ರಲ್ಲಿ ಆರಂಭವಾದ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಹೊರತಂದ ಮೋಗ್ಲಿಂಗ್, 1894ರಲ್ಲಿ ನಿಘಂಟು ಕೊಟ್ಟ ಕಿಟೆಲ್, ಇಬ್ಬರನ್ನೂ ಕಳಿಸಿದ್ದು ಈ ಸಂಸ್ಥೆ. ಬಂದ ಉದ್ದೇಶ ಮತಪ್ರಚಾರ ಎಂಬುದನ್ನು ಮರೆಯಬೇಕಿಲ್ಲ. ಅವರು ಉಳಿಸಿಟ್ಟ ಕಾಗದಪತ್ರಗಳು ನಮ್ಮ ಊರುಗಳ ಚರಿತ್ರೆಯೂ ಹೌದು. ಮಿಷನ್‌ಸ್ಟ್ರಾಸ್ಸೆಯ 21ನೇ ನಂಬರಿನ ಕಟ್ಟಡದಲ್ಲಿ, ಈಗ ಮಿಷನ್ 21 ಎಂಬ ಹೆಸರಿನ ಸಂಸ್ಥೆಯ ವಶದಲ್ಲಿ ಅವು ಇವೆ.

ಹೊರಡುವ ಕೆಲವು ವಾರ ಮೊದಲೇ ಇಮೇಲ್ ಬರೆದು, ಏನು ನೋಡಬೇಕೆಂದು ತಿಳಿಸಿ ಸಮಯ ಕೇಳಿ. ಅವರ ಚಿತ್ರಸಂಗ್ರಹ ಅಂತರ್ಜಾಲದಲ್ಲಿದೆ. ಮನೆಯಲ್ಲೇ ಹುಡುಕಿ ಬೇಕಾದ ಚಿತ್ರಗಳ ಸಂಖ್ಯೆ ಬರೆದಿಟ್ಟುಕೊಳ್ಳಿ. ಹುಡುಕುವಾಗ ಊರಿನ ಹಳೆಯ ಹೆಸರನ್ನೂ ಕೊಡಿ: ಮಡಿಕೇರಿಗೆ ಮರ್ಕಾರಾ, ಕೊಡಗಿಗೆ ಕೂರ್ಗ್, ಹುಬ್ಬಳ್ಳಿಗೆ ಹುಬ್ಲಿ. ಪತ್ರಗಳು ಹಳೆಯ ಜರ್ಮನ್ ಕೈಬರಹದಲ್ಲಿವೆ, ಜರ್ಮನ್ ಕಲಿತವರಿಗೂ ಓದುವುದು ಕಷ್ಟ. ಫೋಟೊ ಮತ್ತು ನಕ್ಷೆಗಳಿಂದ ಶುರುಮಾಡುವುದೇ ಸುಲಭ. ಅದೇ ದಿನ ಸಂತ ಆಲ್ಬನ್ ಕಣಿವೆಯ ಕಾಗದದ ಗಿರಣಿಗೂ ಹೋಗಬಹುದು. ತಿರುಳಿನಿಂದ ಕಾಗದ ಎತ್ತುವುದನ್ನು, ಅಚ್ಚುಮೊಳೆ ಜೋಡಿಸಿ ಅಚ್ಚು ಹಾಕುವುದನ್ನು ಅಲ್ಲಿ ನಿಮ್ಮ ಕೈಯಲ್ಲೇ ಮಾಡಿಸುತ್ತಾರೆ.

ಊಟ

ರೈಲು ನಿಲ್ದಾಣದ ಪಕ್ಕದ ಮಾರ್ಕ್‌ಟ್‌ಹಾಲೆ 1929ರ ತರಕಾರಿ ಮಾರುಕಟ್ಟೆ. ಅದರ ಭಾರಿ ಕಾಂಕ್ರೀಟ್ ಗುಮ್ಮಟದಡಿ ಈಗ ನಾನಾ ದೇಶಗಳ ಊಟದ ಮಳಿಗೆಗಳಿವೆ, ಸಸ್ಯಾಹಾರಿಗಳಿಗೆ ತೊಂದರೆಯಿಲ್ಲ. ಫಾಸ್ನಾಖ್ಟ್ ಹೊತ್ತಿನ ಹುರಿದ ಹಿಟ್ಟಿನ ಸಾರಿಗೆ ಮಾಂಸದ ರಸ ಹಾಕುವುದುಂಟು, ಕೇಳಿ ತಿನ್ನಿ. ಈರುಳ್ಳಿ ಅಥವಾ ಚೀಸ್ ಹಾಕಿ ಬೇಯಿಸಿದ ವೇಯೆ ಎಂಬ ಚಪ್ಪಟೆ ಕಡುಬನ್ನು (ಟಾರ್ಟ್) ಆರಿಸಬಹುದು, ಆದರೆ ಈರುಳ್ಳಿಯದರಲ್ಲಿ ಹಂದಿಮಾಂಸದ ಚೂರುಗಳಿವೆಯೇ ಎಂದು ವಿಚಾರಿಸಿ. ಜೇನು, ಬಾದಾಮಿಯ ಲೆಕರ್ಲಿ ಬಿಸ್ಕತ್ತಿನಲ್ಲಿ ಚೆರಿ ಮದ್ಯ ಇರುತ್ತದೆ. ನೀರು ಕೊಳ್ಳಬೇಡಿ, ಬೀದಿಯ ಕಾರಂಜಿಗಳ ನೀರು ಕುಡಿಯಲು ಯೋಗ್ಯ.

ಬೇರೆ ಊರಿಗೆ ಹೋಗುವವರು

ಅದೇ ಎರಡು ಪ್ರಶ್ನೆ ಹಿಡಿದು ಹೊರಡಿ. ವಿಯೆನ್ನಾದಲ್ಲಿ ಅರಮನೆ ನೋಡಿದ ಮೇಲೆ ಯು4 ಮೆಟ್ರೊದಲ್ಲಿ ಹೈಲಿಗನ್‌ಸ್ಟಾಟ್‌ಗೆ ಹೋದರೆ ಒಂದು ಕಿಲೋಮೀಟರಿಗೂ ಉದ್ದದ ಕಾರ್ಲ್ ಮಾರ್ಕ್ಸ್ ಹಾಫ್ ಎದುರಾಗುತ್ತದೆ. ವಸತಿ ತೆರಿಗೆಯ ಹಣದಿಂದ ನಗರಸಭೆ 1927–30ರಲ್ಲಿ ಕಾರ್ಮಿಕರಿಗೆ ಕಟ್ಟಿದ ಮನೆಗಳಲ್ಲಿ ಇಂದಿಗೂ ಸಂಸಾರಗಳಿವೆ, ಹಳೆಯ ಬಟ್ಟೆ ಒಗೆಯುವ ಮನೆ ಮ್ಯೂಸಿಯಂ ಆಗಿದೆ. ಅಂಗಳಗಳಲ್ಲಿ ಓಡಾಡಬಹುದು, ಕಿಟಕಿಗಳೊಳಗೆ ಕ್ಯಾಮೆರಾ ತಿರುಗಿಸಬೇಡಿ. ಸ್ಟಾಕ್‌ಹೋಮ್‌ನಲ್ಲಿ ಒಂದು ಮೆಟ್ರೊ ಟಿಕೆಟ್ ಸಾಕು, ಬಂಡೆ ಕೊರೆದ ನಿಲ್ದಾಣಗಳ ಗೋಡೆಗಳೇ ಚಿತ್ರಶಾಲೆ. ರೋಮ್‌ನಲ್ಲಿ ಕಾರವಾಜೊನ ಚಿತ್ರಗಳನ್ನು ಅವನು ಯಾವ ಚರ್ಚಿಗಾಗಿ ಬರೆದನೋ ಅಲ್ಲೇ ನೋಡಬಹುದು: ಸಾನ್ ಲುಯಿಜಿ ದೇಯಿ ಫ್ರಾಂಚೇಜಿ, ಸಾಂತಾ ಮರಿಯಾ ದೆಲ್ ಪೊಪೊಲೊ, ಸಾಂತಗೊಸ್ತೀನೊ. ಪ್ರವೇಶ ಉಚಿತ. ಮಧ್ಯಾಹ್ನ ಬಾಗಿಲು ಹಾಕುವುದರಿಂದ ಬೆಳಿಗ್ಗೆಯೇ ಹೋಗಿ. ಚಿತ್ರದ ಮುಂದೆ ದೀಪ ಹತ್ತಲು ಪೆಟ್ಟಿಗೆಗೆ ನಾಣ್ಯ ಹಾಕಬೇಕಾಗಬಹುದು, ಜೇಬಿನಲ್ಲಿ ಯೂರೊ ಚಿಲ್ಲರೆ ಇಟ್ಟುಕೊಂಡಿರಿ.