ತಲೆನೋವು ಹೊತ್ತುಕೊಂಡು ಇಗತ್ಪುರಿಗೆ

ಮಾತು ಬಿಟ್ಟು ಕೂತು ಧ್ಯಾನ ಕಲಿಯುವ ವಿಪಶ್ಯನಾ ಶಿಬಿರಕ್ಕೆ ನಾನು ಹೋಗಿದ್ದು ಮೋಕ್ಷಕ್ಕಲ್ಲ, ತಲೆನೋವಿಗೆ. ದಿನವಿಡೀ ಕಂಪ್ಯೂಟರ್ ಮುಂದೆ ಕೂತು ಲೆಕ್ಕಪತ್ರ ನೋಡುವ ಕೆಲಸ ನನ್ನದು. ಸಂಜೆಯಾದರೆ ಹಣೆಯ ಎಡಭಾಗ ಸಿಡಿಯುತ್ತಿತ್ತು. ಗಾಬರಿಪಡುವಂಥದ್ದು ಏನೂ ಇಲ್ಲ ಅಂತ ಡಾಕ್ಟರು ಹೇಳಿಯಾಗಿತ್ತು.

ಭಾರತದಲ್ಲಿ ಈ ಶಿಬಿರಗಳನ್ನು ಶುರುಮಾಡಿದ ಎಸ್.ಎನ್. ಗೋಯೆಂಕಾ ಅವರ ಕಥೆ ಗೊತ್ತಿದ್ದರಿಂದ ಸ್ವಲ್ಪ ಧೈರ್ಯ. ಬರ್ಮಾದಲ್ಲಿ ಹುಟ್ಟಿ ಬೆಳೆದ ವ್ಯಾಪಾರಿ ಅವರು. ಮಾರ್ಫಿನ್ ತೆಗೆದುಕೊಳ್ಳುವಷ್ಟು ಜೋರು ಮೈಗ್ರೇನ್. 1955ರಲ್ಲಿ ರಂಗೂನಿನಲ್ಲಿ ವಿಪಶ್ಯನಾ ಕಲಿಸುತ್ತಿದ್ದ ಊ ಬಾ ಖಿನ್ ಅವರ ಬಳಿ ಹೋದರೆ, ಬರೀ ತಲೆನೋವಿಗೆ ಅಂತ ಬರೋದಾದರೆ ಸೇರಿಸಿಕೊಳ್ಳಲ್ಲ ಎಂದುಬಿಟ್ಟರಂತೆ. ಮನಸ್ಸಿನ ಕೊಳೆ ತೊಳೆಯೋದು ಇದರ ಕೆಲಸ, ನೋವು ಹೋದರೆ ಅದು ಮೇಲಿನ ಲಾಭ ಅಂತ. ಅಂದಹಾಗೆ ಬಾ ಖಿನ್ ಬರ್ಮಾ ಸರ್ಕಾರದಲ್ಲಿ ಅಕೌಂಟೆಂಟ್ ಜನರಲ್ ಆಗಿದ್ದವರು. ನಮ್ಮ ಕಸುಬಿನವರೇ ಅಂತ ನನಗೆ ಒಳಗೊಳಗೇ ಖುಷಿ!

ಬೆಂಗಳೂರಿನ ಹತ್ತಿರವೂ ಕೇಂದ್ರ ಇದೆ. ಆದರೂ ಮಳೆಗಾಲದ ಸಹ್ಯಾದ್ರಿ ಬೇಕು ಅಂತ ಮಹಾರಾಷ್ಟ್ರದ ಇಗತ್ಪುರಿಯಲ್ಲಿರುವ ಧಮ್ಮ ಗಿರಿ ಕೇಂದ್ರಕ್ಕೆ ಅರ್ಜಿ ಹಾಕಿದೆ. ಮುಂಬೈ ಬಿಟ್ಟ ರೈಲು ಕಸಾರಾ ಘಾಟಿ ಹತ್ತುವಾಗಲೇ ಕಿಟಕಿಯೊಳಗೆ ಮೋಡ. ಶಿಬಿರಕ್ಕೆ ಶುಲ್ಕವಿಲ್ಲ. ಕೊನೆಯಲ್ಲಿ ಮನಸ್ಸಿದ್ದಷ್ಟು ದಾನ ಕೊಡಬಹುದು. ಫೋನನ್ನು ಮೊದಲೇ ಒಪ್ಪಿಸಬೇಕು. ಪುಸ್ತಕ, ಪೆನ್ನು ಕೂಡ ಇಲ್ಲ. ಮಾತಿಲ್ಲ, ಕೈಸನ್ನೆಯೂ ಇಲ್ಲ.

ಬೆಳಿಗ್ಗೆ 4ಕ್ಕೆ ಗಂಟೆ. ಮೊದಲ ಮೂರು ದಿನ ಬರೀ ಆನಾಪಾನ, ಮೂಗಿನ ಬಳಿ ಉಸಿರು ನೋಡೋದು. ನಾಲ್ಕನೇ ದಿನದಿಂದ ತಲೆಯಿಂದ ಕಾಲಿನವರೆಗೆ ಮೈಯನ್ನೇ ಗಮನಿಸೋದು. ಅಧಿಷ್ಠಾನ ಅಂತ ಒಂದು ಗಂಟೆ ಅಲುಗಾಡದೆ ಕೂರಬೇಕು. ನನ್ನ ಬಲ ಮಂಡಿಗೆ ಮೊಳೆ ಹೊಡೆದ ಹಾಗಾಗುತ್ತಿತ್ತು. ಬಿಡದೆ ಅದನ್ನೇ ನೋಡುತ್ತಾ ಕೂತೆ. ಒಂದೇ ಗಡ್ಡೆ ಅಂದುಕೊಂಡಿದ್ದ ನೋವಿನಲ್ಲಿ ಬಿಸಿ ಬೇರೆ, ಮಿಡಿತ ಬೇರೆ, ಬಿಗಿತ ಬೇರೆ. ನಡುನಡುವೆ ಏನೂ ಇಲ್ಲದ ಕ್ಷಣಗಳೂ ಇದ್ದವು! ನೋವಿಗಿಂತ ‘ಇದು ಯಾವಾಗ ಮುಗಿಯುತ್ತೋ’ ಅನ್ನೋ ಗೋಳೇ ಜಾಸ್ತಿ ಅಂತ ಆಗ ಗೊತ್ತಾಯಿತು.

ಇದನ್ನು ಊರೊಳಗಿನ ಹಾಲ್‌ನಲ್ಲೂ ಕಲಿಯಬಹುದಲ್ವಾ? ಕಲಿಯಬಹುದು. ಆದರೆ ಎದ್ದು ಹೊರಗೆ ಬಂದಾಗ ಕಣ್ಣಿಗೆ ಏನು ಸಿಗುತ್ತೆ ಅನ್ನೋದೂ ಮುಖ್ಯ. ಅಲ್ಲಿ ಬೋರ್ಡಿಲ್ಲ, ಜಾಹೀರಾತಿಲ್ಲ. ಗುಡ್ಡದ ಮೇಲೆ ಮೋಡ ಬರುತ್ತೆ, ಹೋಗುತ್ತೆ. ಮೆಟ್ಟಿಲ ಮೇಲೆ ಉಗುರಿನಷ್ಟು ಕಪ್ಪೆಮರಿ ಒಂದು ಸುಮ್ನೆ ಕೂತಿರುತ್ತಿತ್ತು, ನಾನು ಅದರ ಗಂಟಲು ಮಿಡಿಯೋದನ್ನೇ ನೋಡುತ್ತಾ ನಿಲ್ಲುತ್ತಿದ್ದೆ. ಅಲ್ಲಿ ಅದನ್ನು ಫೋಟೋ ತೆಗೆಯೋಕೂ ಆಗಲ್ಲ, ಯಾರಿಗೂ ಹೇಳೋಕೂ ಆಗಲ್ಲ. ನನಗೆ ಹಿಡಿಸಿದ್ದೇ ಅದು. ಹಾಗಂತ ಇದನ್ನು ರೆಸಾರ್ಟ್ ಅಂದುಕೊಂಡು ಹೋದರೆ ಎರಡನೇ ದಿನವೇ ಓಡಿಬರಬೇಕಾಗುತ್ತೆ.

ಊಟ ಸಾದಾ ಸಸ್ಯಾಹಾರ. ಮಧ್ಯಾಹ್ನದ್ದೇ ಕೊನೆ ಊಟ. ಸಂಜೆ ಐದಕ್ಕೆ ಹೊಸಬರಿಗೆ ಚಹಾ, ಮಂಡಕ್ಕಿ, ಹಣ್ಣು. ಆ ಮಂಡಕ್ಕಿಯ ಒಂದೊಂದು ಕಾಳನ್ನೂ ನಾನು ಲೆಕ್ಕ ಹಾಕಿ ತಿಂದಿದ್ದೇನೆ.

ತಲೆನೋವು ಹೋಯಿತಾ ಅಂತ ಎಲ್ಲರೂ ಕೇಳುತ್ತಾರೆ. ಹೋಗಿಲ್ಲ. ಬರೋದು ಕಡಿಮೆಯಾಗಿದೆ, ಬಂದಾಗ ಮೊದಲಿನ ಹಾಗೆ ಕಂಗಾಲಾಗಲ್ಲ. ಬೆಳಿಗ್ಗೆ ಸಂಜೆ ಒಂದೊಂದು ಗಂಟೆ ಕೂರಿ ಅಂತ ಹೇಳಿ ಕಳಿಸುತ್ತಾರೆ. ನನ್ನ ಕೈಲಾಗೋದು ಬೆಳಿಗ್ಗೆ ಮಾತ್ರ. ಕಾಯಿಲೆಗಳನ್ನೆಲ್ಲ ವಾಸಿಮಾಡುತ್ತೆ ಅನ್ನುವವರ ಮಾತು ನಾನಂತೂ ನಂಬಲ್ಲ. ಖಿನ್ನತೆಗೋ ಬೇರೆ ಮಾನಸಿಕ ತೊಂದರೆಗೋ ಔಷಧಿ ತೆಗೆದುಕೊಳ್ಳುವವರು ಮೊದಲು ತಮ್ಮ ಡಾಕ್ಟರನ್ನು ಕೇಳಬೇಕು. ಅರ್ಜಿಯಲ್ಲಿ ಅದನ್ನು ಮುಚ್ಚಿಡಬಾರದು. ದಿನಗಟ್ಟಲೆ ಮೌನ ಎಲ್ಲರಿಗೂ ಒಗ್ಗಲ್ಲ.

ಮಳೆಗಾಲದಲ್ಲಿ ಹೋಗುವವರು ಗಟ್ಟಿ ಛತ್ರಿ, ಒಂದು ಶಾಲು, ಜಾರದ ಚಪ್ಪಲಿ ಒಯ್ಯಿರಿ. ಬಟ್ಟೆ ಎರಡು ಜೊತೆ ಹೆಚ್ಚಿಗೇ ಇರಲಿ. ಅಲ್ಲಿ ಒಗೆದದ್ದು ಒಣಗಲ್ಲ.