ಟೈಲ್ಸ್ ಎತ್ತಿದ ಮೇಲೆ ಗೊತ್ತಾಗುವುದು: 40 ಮೀಟರ್ ಫುಟ್‌ಪಾತ್ ಮತ್ತೆ ಕೂರಿಸಿದ ಅನುಭವ

ಕುಸಿದ ಫುಟ್‌ಪಾತ್ ಕಂಡ ಕೂಡಲೇ ಎಲ್ಲರೂ ಹೇಳುವುದು ಒಂದೇ: ಟೈಲ್ಸ್ ಕಳಪೆ. ಬೆಂಗಳೂರಿನ ಒಂದು ಹಳೆಯ ಬಡಾವಣೆಯಲ್ಲಿ 40 ಮೀಟರ್ ಉದ್ದ, 1.8 ಮೀಟರ್ ಅಗಲದ ಇಂಟರ್‌ಲಾಕ್ ದಾರಿಯನ್ನು ಪೂರ್ತಿ ಎತ್ತಿ ಮತ್ತೆ ಕೂರಿಸಿದೆವು. ನಡೆಯುವವರಿಗೂ ಮಕ್ಕಳ ಸೈಕಲ್ಲಿಗೂ ಅದೇ ದಾರಿ. 200×100 ಮಿ.ಮೀ. ಅಳತೆಯ ಟೈಲ್ಸ್ ಚದರ ಮೀಟರಿಗೆ 50 ಹಿಡಿಯುತ್ತವೆ, ಒಟ್ಟು 3,600. ಅದರಲ್ಲಿ ಒಡೆದಿದ್ದವು 400ರ ಆಸುಪಾಸು. ಉಳಿದವನ್ನು ಉಜ್ಜಿ ತೊಳೆದು ಮತ್ತೆ ಹಾಕಿದೆವು. ಕೆಟ್ಟಿದ್ದು ಟೈಲ್ಸ್ ಅಲ್ಲ, ಅವುಗಳ ಕೆಳಗಿದ್ದ ಮರಳು ಮತ್ತು ಪಕ್ಕದಲ್ಲಿದ್ದ ಅಂಚು.

ಮೊದಲು ಅನುಮತಿಯ ವಿಷಯ. ರಸ್ತೆ ಬದಿಯ ಫುಟ್‌ಪಾತನ್ನು ನಾವೇ ಅಗೆಯುವ ಹಾಗಿಲ್ಲ. ಪಾಲಿಕೆಯ ವಾರ್ಡ್ ಎಂಜಿನಿಯರ್ ಒಪ್ಪಿಗೆ ಬರಹದಲ್ಲಿ ಇರಬೇಕು. ನೀರು, ಕರೆಂಟು, ಗ್ಯಾಸ್, ಇಂಟರ್ನೆಟ್ ಕೇಬಲ್ ಎಲ್ಲೆಲ್ಲಿ ಹೋಗಿದೆ ಎಂದು ಆಯಾ ಲೈನ್‌ಮನ್‌ಗಳನ್ನು ಕರೆಸಿ ಸುಣ್ಣದಲ್ಲಿ ಗುರುತು ಹಾಕಿಸಿಕೊಳ್ಳಬೇಕು. ಆ ಗುರುತಿನ ಅಕ್ಕಪಕ್ಕ ಜೆಸಿಬಿ ಬೇಡ, ಗುದ್ದಲಿಯೇ ಸರಿ.

ಸರ್ವೆಗೆ ಹೆಚ್ಚೇನೂ ಬೇಡ. 3 ಮೀಟರಿನ ಅಲ್ಯೂಮಿನಿಯಂ ಪಟ್ಟಿ, ರಸಮಟ್ಟ, ಸ್ಟೀಲ್ ಸ್ಕೇಲು, ಬಕೆಟ್ ನೀರು, ಸೀಮೆಸುಣ್ಣ. ಪಟ್ಟಿಯನ್ನು ಉದ್ದಕ್ಕೆ ಇಟ್ಟು ಕೆಳಗೆ ಎಷ್ಟು ಸಂದು ಬಿತ್ತು ನೋಡಿ: 10 ಮಿ.ಮೀ. ದಾಟಿದರೆ ಅಲ್ಲಿ ಬುಡ ಕುಸಿದಿದೆ. ಒಂದು ಟೈಲ್ಸ್‌ಗಿಂತ ಪಕ್ಕದ್ದು ಎಷ್ಟು ಎದ್ದಿದೆ ಎಂಬುದನ್ನು ಬೇರೆಯಾಗಿ ಬರೆದುಕೊಳ್ಳಬೇಕು, ಯಾಕೆಂದರೆ ಕಾಲು ಎಡವುವುದು ತಗ್ಗಿಗಲ್ಲ, ಈ ಮೆಟ್ಟಿಲಿಗೆ. 6 ಮಿ.ಮೀ. ಎದ್ದಿದ್ದರೂ ಕಾಲೆಳೆದು ನಡೆಯುವ ಅಜ್ಜಿಯ ಚಪ್ಪಲಿಯ ತುದಿ ತಗುಲುತ್ತದೆ. ಸ್ಕೇಲು ಮರೆತು ಹೋಗಿದ್ದರೆ ಎಟಿಎಂ ಕಾರ್ಡ್ ನೆನಪಿರಲಿ, ಒಂದೊಂದೂ 0.76 ಮಿ.ಮೀ. ದಪ್ಪ, ಎಂಟು ಜೋಡಿಸಿದರೆ 6. ಅಡ್ಡ ಇಳಿಜಾರು 1.8 ಮೀಟರಿಗೆ 36 ಮಿ.ಮೀ., ಅಂದರೆ ನೂರಕ್ಕೆ ಎರಡು ಇರಬೇಕು. ಕಡಿಮೆಯಾದರೆ ನೀರು ನಿಲ್ಲುತ್ತದೆ, ತುಂಬಾ ಹೆಚ್ಚಾದರೆ ವ್ಹೀಲ್‌ಚೇರ್ ರಸ್ತೆ ಕಡೆಗೆ ಎಳೆಯುತ್ತದೆ. ಕೊನೆಗೆ ಬಕೆಟ್ ನೀರು ಸುರಿದು ಕಾಲು ಗಂಟೆ ಬಿಟ್ಟು ಬಂದು, ನಿಂತ ಕೊಚ್ಚೆಯ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಮಳೆ ಬಂದ ಮರುದಿನ ಬೆಳಿಗ್ಗೆ ಹೋದರೆ ಬಕೆಟ್ಟೂ ಬೇಡ.

ಇನ್ನೊಂದು ಸುಳಿವು ಇರುವೆ. ಸಂದಿಯ ಬಾಯಲ್ಲಿ ಸಣ್ಣ ಮರಳಿನ ಗುಡ್ಡೆ ಕಂಡರೆ ಅದು ಕೆಳಗಿನಿಂದ ಹೊತ್ತು ತಂದದ್ದೇ. ಒಂದೆರಡು ಗುಡ್ಡೆಗೆ ಚಿಂತೆಯಿಲ್ಲ. ಸಾಲಾಗಿ ಇದ್ದರೆ ಸಂದಿ ಸಡಿಲಾಗಿದೆ ಎಂದು ಅರ್ಥ.

ಮೊದಲ ಟೈಲ್ಸ್ ಎತ್ತುವುದೇ ಕಷ್ಟ. ಹಾರೆ ಹಾಕಿ ಮೀಟಿದರೆ ಪಕ್ಕದ ನಾಲ್ಕರ ಅಂಚು ಹಾರುತ್ತದೆ. ಹಳೆ ಸಂದಿ ಮರಳನ್ನು ಹ್ಯಾಕ್ಸಾ ಬ್ಲೇಡಿನಿಂದ ಸುತ್ತಲೂ ಕೆರೆದು ತೆಗೆದು, ಎರಡು ಚಪ್ಪಟೆ ಸ್ಕ್ರೂಡ್ರೈವರ್‌ಗಳನ್ನು ಎರಡು ತುದಿಗೆ ಹಾಕಿ ಸ್ವಲ್ಪ ಸ್ವಲ್ಪವೇ ಅಲ್ಲಾಡಿಸಿದರೆ ಅದು ಹಲ್ಲಿನಂತೆ ಕಳಚಿ ಬರುತ್ತದೆ. ಒಂದು ಬಂದರೆ ಉಳಿದದ್ದು ಕೈಯಲ್ಲೇ ಬರುತ್ತವೆ. ಎತ್ತಿದ ಕೂಡಲೇ ಅಡಿಭಾಗ ನೋಡಿ. ಒಣಗಿ ಬೆಳ್ಳಗಿದ್ದರೆ ಬುಡ ಚೆನ್ನಾಗಿದೆ. ಕಪ್ಪಗೆ ಒದ್ದೆಯಾಗಿ, ಮರಳು ಕೆಸರಿನಂತೆ ಅಂಟಿಕೊಂಡಿದ್ದರೆ ಕೆಳಗೆ ನೀರು ನಿಂತಿದೆ. ನಾಲ್ಕು ಮೂಲೆಗೆ ಮಾತ್ರ ಮರಳಿನ ಗುರುತಿದ್ದು ನಡುವೆ ಖಾಲಿಯಾಗಿದ್ದರೆ ಟೈಲ್ಸ್ ಸೇತುವೆಯಂತೆ ತೂಗಾಡುತ್ತಿತ್ತು.

ನಮ್ಮ ದಾರಿಯಲ್ಲಿ ಮೂರು ಬಗೆಯ ರೋಗ ಸಿಕ್ಕಿತು. ಚರಂಡಿ ಗೋಡೆಯ ಪಕ್ಕದಲ್ಲಿ ಸುಮಾರು ಒಂದು ಅಡಿ ಅಗಲ ಉದ್ದಕ್ಕೂ ಕುಸಿದಿತ್ತು. ಗೋಡೆ ಕಟ್ಟಿದ ಮೇಲೆ ಪಕ್ಕದ ಗುಂಡಿಗೆ ಅದೇ ಮಣ್ಣನ್ನು ಒಂದೇ ಸಲ ಸುರಿದು ಮುಚ್ಚಿದ್ದರ ಫಲ ಅದು. ಚರಂಡಿಯ ಮೇಲಿನ ಚಪ್ಪಡಿ ಕಲ್ಲುಗಳ ನಡುವೆ ಎರಡು ಬೆರಳು ಹೋಗುವಷ್ಟು ಸಂದು, ಪ್ರತಿ ಮಳೆಗೂ ಮರಳು ಅದರೊಳಗೆ ಸೋರಿ ಹೋಗುತ್ತಿತ್ತು. ಮೂರನೆಯದು ಹೆಚ್ಚು ಕೆಟ್ಟದ್ದು: ಬುಡದ ಜಲ್ಲಿ ಸಮತಟ್ಟಾಗಿಲ್ಲದ ಕಡೆ ಮಟ್ಟ ಸರಿಮಾಡಲು ಮರಳನ್ನೇ 80–90 ಮಿ.ಮೀ. ತುಂಬಿದ್ದರು. ಮರಳಿನ ಪದರ 30 ಮಿ.ಮೀ. ದಾಟಬಾರದು. ದಪ್ಪ ಇದ್ದಷ್ಟೂ ಕುಗ್ಗುತ್ತದೆ, ಎಲ್ಲ ಕಡೆ ಒಂದೇ ಸಮನಾಗಿ ಕುಗ್ಗುವುದೂ ಇಲ್ಲ. ತಗ್ಗು ಇದ್ದರೆ ಜಲ್ಲಿಯಿಂದ ತುಂಬಬೇಕು, ಮರಳಿನಿಂದ ಅಲ್ಲ. ಇಡೀ ಕೆಲಸದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ.

ಸಡಿಲ ಮಣ್ಣನ್ನು ಗಟ್ಟಿ ನೆಲ ಸಿಗುವ ತನಕ ತೆಗೆದೆವು. ಗುಂಡಿ ಆಳವಿದ್ದ ಕಡೆ 150 ಮಿ.ಮೀ. ಪದರಗಳಲ್ಲಿ ಮೊರಂ (ಗರಸು ಮಣ್ಣು) ಹಾಕಿ, ನೀರು ಚಿಮುಕಿಸಿ, ಒಂದೊಂದು ಪದರವನ್ನೂ ಗುದ್ದಿದ ಮೇಲೆ ಮುಂದಿನದು. ತೇವ ಎಷ್ಟು ಬೇಕೆಂದರೆ ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಕೈಗೆ ನೀರು ಅಂಟಬಾರದು. ಅದರ ಮೇಲೆ 100 ಮಿ.ಮೀ. ವೆಟ್ ಮಿಕ್ಸ್ ಜಲ್ಲಿ, ಅಂದರೆ ದಪ್ಪ-ಸಣ್ಣ ಜಲ್ಲಿ ಮತ್ತು ಪುಡಿಯನ್ನು ನೀರು ಸೇರಿಸಿ ಕಲಸಿದ್ದು. ಗುದ್ದಿದ ಮೇಲೆ 7.2 ಘನ ಮೀಟರ್ ಬೇಕಾದರೆ ತರಿಸುವಾಗ 9 ಘನ ಮೀಟರ್‌ಗಿಂತ ಸ್ವಲ್ಪ ಹೆಚ್ಚು, ಅಂದರೆ 330 ಘನ ಅಡಿ ಹೇಳಬೇಕು. ಮೇಲ್ಮೈಯ ಅದೇ 36 ಮಿ.ಮೀ. ಇಳಿಜಾರು ಈ ಜಲ್ಲಿಯಲ್ಲೇ ಬರಬೇಕು. ದಾರ ಕಟ್ಟಿ, ಎರಡು ಮೀಟರಿಗೊಮ್ಮೆ ಅಳೆದು, 10 ಮಿ.ಮೀ.ಗಿಂತ ಹೆಚ್ಚು ಏರುಪೇರು ಇದ್ದ ಕಡೆ ಮತ್ತೆ ಕೆದಕಿ ಗುದ್ದಿದೆವು. ಚಪ್ಪಡಿ ಸಂದುಗಳಿಗೆ ಕಲ್ಲಿನ ಚಕ್ಕೆ ತುರುಕಿ ಗಾರೆ ತುಂಬಿ, ಮೇಲೆ ಒಂದು ಅಡಿ ಅಗಲದ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿದೆವು. ನೀರು ಇಳಿಯುತ್ತದೆ, ಮರಳು ಇಳಿಯುವುದಿಲ್ಲ.

ಇಲ್ಲಿ ಮೇಸ್ತ್ರಿಯೊಂದಿಗೆ ವಾದ ಬರುತ್ತದೆ, ಎಲ್ಲರಿಗೂ ಬರುತ್ತದೆ. "ಸಾರ್, ಮರಳಿಗೆ ಎರಡು ಮೂಟೆ ಸಿಮೆಂಟ್ ಕಲಸಿ ಹಾಕಿಬಿಡೋಣ, ಕಲ್ಲಿನ ಹಾಗೆ ಕೂತ್ಕೊಳ್ಳುತ್ತೆ." ಕೂರುತ್ತದೆ, ಕೆಲವು ತಿಂಗಳು. ಆಮೇಲೆ ಕೆಳಗಿನ ಜಲ್ಲಿ ಸ್ವಲ್ಪ ಇಳಿದರೆ ಆ ಗಟ್ಟಿ ಪದರ ಬಿರುಕು ಬಿಟ್ಟು ಹಪ್ಪಳದ ಚೂರುಗಳಾಗುತ್ತದೆ, ಪ್ರತಿ ಚೂರಿನ ಮೇಲೂ ಒಂದು ಟೈಲ್ಸ್ ಗುಂಪು ಅಲ್ಲಾಡುತ್ತದೆ. ಮುಂದೆ ಕೇಬಲ್ಲಿಗೆಂದು ಅಗೆಯುವವರು ಟೈಲ್ಸ್ ಬಿಡಿಸಲಾಗದೆ ಒಡೆದೇ ತೆಗೆಯುತ್ತಾರೆ. ಇಂಟರ್‌ಲಾಕ್ ಅನ್ನುವುದರ ಲಾಭವೇ ಬಿಚ್ಚಿ ಮತ್ತೆ ಹಾಕಬಹುದು ಎನ್ನುವುದು. ಬೆಂಗಳೂರಿನ ಟೆಂಡರ್‌ಶ್ಯೂರ್ ಯೋಜನೆಯ ರಸ್ತೆಗಳಂತೆ ಕೇಬಲ್ಲಿಗೆ ಫುಟ್‌ಪಾತ್ ಅಡಿಯಲ್ಲೇ ಬೇರೆ ಕೊಳವೆ ಇರುವ ಕಡೆ ಈ ಅಗೆತ ಕಡಿಮೆ. ಹಳೆ ಬಡಾವಣೆಗಳಲ್ಲಿ ಆ ಸೌಕರ್ಯವಿಲ್ಲ.

ಮರಳು ಎಂದರೆ ತೊಳೆದ ಎಂ-ಸ್ಯಾಂಡ್, ಕ್ರಷರ್ ಪುಡಿ ಅಲ್ಲ. ಪುಡಿಯಲ್ಲಿ ಹಿಟ್ಟಿನಂಥ ಧೂಳು ಜಾಸ್ತಿ, ನೀರು ಕುಡಿದು ಕೆಸರಾಗುತ್ತದೆ. ಪರೀಕ್ಷೆ ಸುಲಭ: ಪಾರದರ್ಶಕ ಬಾಟಲಿಯಲ್ಲಿ 10 ಸೆಂ.ಮೀ. ಮರಳು ಹಾಕಿ, ನೀರು ತುಂಬಿ, ಚಿಟಿಕೆ ಉಪ್ಪು ಹಾಕಿ ಕುಲುಕಿ, ಮೂರು ಗಂಟೆ ಬಿಡಿ. ಮೇಲೆ ಕೂತ ನುಣ್ಣನೆ ಪದರ ಅರ್ಧ ಸೆಂ.ಮೀ. ಮೀರಿದರೆ ಲೋಡನ್ನು ವಾಪಸ್ ಕಳಿಸಿ. ನಮ್ಮ ಮೊದಲ ಲೋಡು ಹಾಗೇ ವಾಪಸ್ ಹೋಯಿತು.

ಹರಡುವಾಗ ಒಂದು ಇಂಚಿನ ಜಿಐ ಪೈಪ್ ಎರಡನ್ನು ಜಲ್ಲಿಯ ಮೇಲೆ ಹಳಿಯಂತೆ ಇಟ್ಟೆವು. ಅದರ ಹೊರ ವ್ಯಾಸ 33–34 ಮಿ.ಮೀ. ನಡುವೆ ಮರಳು ಸುರಿದು ಪಟ್ಟಿಯನ್ನು ಪೈಪಿನ ಮೇಲೆ ಎಳೆದರೆ ಒಂದೇ ದಪ್ಪದ ಹಾಸು ಸಿಗುತ್ತದೆ, ಟೈಲ್ಸ್ ಮೇಲೆ ಕಂಪ್ಯಾಕ್ಟರ್ (ಅದುರುತ್ತಾ ಗುದ್ದುವ ಯಂತ್ರ) ಓಡಿದ ಮೇಲೆ 30ರ ಒಳಗೆ ನಿಲ್ಲುತ್ತದೆ. ಪೈಪ್ ತೆಗೆದ ಜಾಗಕ್ಕೆ ಕರಣೆಯಲ್ಲಿ ಮರಳು ತುಂಬಿ. ಆಮೇಲೆ ಆ ಹಾಸಿನ ಮೇಲೆ ಯಾರೂ ಕಾಲಿಡಬಾರದು. ಒಂದು ಹೆಜ್ಜೆ ಬಿದ್ದರೂ ಆ ಜಾಗ ಬೇರೆ ಥರ ಗಟ್ಟಿಯಾಗಿ, ವರ್ಷ ಕಳೆದ ಮೇಲೆ ಅದೇ ಆಕಾರದಲ್ಲಿ ಮೇಲೆ ಕಾಣುತ್ತದೆ. ಹಾಕಿದ ಟೈಲ್ಸ್ ಮೇಲೆ ಕೂತು ಮುಂದಕ್ಕೆ ಜೋಡಿಸುತ್ತಾ ಹೋಗಬೇಕು. 72 ಚದರ ಮೀಟರಿಗೆ ಮರಳು ಒಟ್ಟು ಒಂದು ಯೂನಿಟ್, ಅಂದರೆ 100 ಘನ ಅಡಿ ಸಾಕಾಯಿತು.

ಟೈಲ್ಸ್ ಹಾಕುವ ಮುಂಚೆಯೇ ಅಂಚು ಕಟ್ಟಿರಬೇಕು. ನಮ್ಮಲ್ಲಿ ಒಂದು ಕಡೆ ಕಾಂಪೌಂಡ್ ಗೋಡೆ, ಇನ್ನೊಂದು ಕಡೆ ರಸ್ತೆಯಂಚಿನ ಕರ್ಬ್ ಕಲ್ಲು. ಹಳೆ ಕರ್ಬ್ ಬರೀ ಮಣ್ಣಿನಲ್ಲಿ ಕೂತಿತ್ತು, ಕಾರಿನ ಚಕ್ರ ತಾಗಿದಾಗಲೆಲ್ಲ ಒಂದೊಂದು ಮಿ.ಮೀ. ಹೊರಕ್ಕೆ ಜಾರಿ, ಕಡೆಗೆ ಸಂದಿಗಳೆಲ್ಲ ಬಾಯಿ ಬಿಟ್ಟಿದ್ದವು. ಕಲ್ಲನ್ನು ಕಾಂಕ್ರೀಟ್ ಹಾಸಿನ ಮೇಲೆ ಇಟ್ಟು, ಹಿಂಬದಿಗೆ ಟೈಲ್ಸ್‌ಗೆ ಅಡ್ಡಿಯಾಗದಷ್ಟು ಕೆಳಗೆ 100 ಮಿ.ಮೀ. ದಪ್ಪ, 150 ಮಿ.ಮೀ. ಎತ್ತರದ 1:2:4 (ಸಿಮೆಂಟ್, ಮರಳು, ಜಲ್ಲಿ) ಕಾಂಕ್ರೀಟ್ ಆಸರೆ ಕೊಟ್ಟೆವು. ಆಸರೆಗೆ ನಾಲ್ಕು ಮೂಟೆ ಸಿಮೆಂಟ್ ಹಿಡಿಯಿತು. ಮೂರು ದಿನ ನೀರು ಹಾಕಿ ಗಟ್ಟಿಯಾದ ಮೇಲೆಯೇ ಟೈಲ್ಸ್.

ಸೈಕಲ್ ಓಡುವ ದಾರಿಯಾದರೆ ಜೋಡಣೆಯ ದಿಕ್ಕು ಮುಖ್ಯ. ಇಟ್ಟಿಗೆ ಸಾಲಿನ ಮಾದರಿಯಲ್ಲಿ ಉದ್ದವಾದ ನೇರ ಸಂದಿ ಒಂದು ದಿಕ್ಕಿಗೆ ಬರುತ್ತದೆ. ಅದು ಸೈಕಲ್ ಹೋಗುವ ದಿಕ್ಕಿಗೆ ಅಡ್ಡವಾಗಿರಲಿ. ಉದ್ದಕ್ಕೆ ಬಂದರೆ ಸಂದಿ ಅಗಲವಾದಾಗ ತೆಳು ಟೈರು ಅದರೊಳಗೇ ದಾರಿ ಹಿಡಿಯುತ್ತದೆ, ಹ್ಯಾಂಡಲ್ ತಿರುಗಿಸಿದರೂ ಕೇಳುವುದಿಲ್ಲ. ಮನೆಯ ಗೇಟಿನ ಮುಂದೆ ಕಾರು ಹತ್ತುವ ಕಡೆ ಮೀನಿನ ಮೂಳೆಯ ಹಾಗೆ ಅಡ್ಡಡ್ಡ ಜೋಡಿಸಿದರೆ ಟೈಲ್ಸ್ ಸರಿಯುವುದಿಲ್ಲ. ದಪ್ಪದ ವಿಷಯಕ್ಕೆ ಇಂಥ ಟೈಲ್ಸ್‌ನ ಭಾರತೀಯ ಮಾನಕ ಐಎಸ್ 15658 ನೋಡಿ: ಬರೀ ನಡೆಯುವ ಜಾಗಕ್ಕೆ 50 ಮಿ.ಮೀ., ಹಗುರ ವಾಹನ ಬರುವುದಾದರೆ 60 ಮಿ.ಮೀ. ಬೆಂಗಳೂರಿನಲ್ಲಿ ಫುಟ್‌ಪಾತ್ ಮೇಲೆ ಸ್ಕೂಟರ್ ಬರುವುದಿಲ್ಲ ಎಂದು ನಂಬುವವರು 50 ಹಾಕಬಹುದು. ನಮ್ಮ ಟೈಲ್ಸ್ 60ರವು.

ಸಂದಿ 2ರಿಂದ 4 ಮಿ.ಮೀ. ಇರಲಿ. ಒಂದಕ್ಕೊಂದು ಒತ್ತಿ ಹಾಕಿದರೆ ಅಂಚುಗಳು ತಿಕ್ಕಾಡಿ ಚಕ್ಕೆ ಏಳುತ್ತವೆ. ಕತ್ತರಿಸಿದ ತುಂಡು ಮೂರನೇ ಒಂದು ಭಾಗಕ್ಕಿಂತ ಚಿಕ್ಕದಾದರೆ ಹಾಕಬೇಡಿ, ಅದು ಮೊದಲು ಕಳಚುತ್ತದೆ. ಪಕ್ಕದ ಟೈಲ್ಸನ್ನೂ ಕತ್ತರಿಸಿ ಎರಡು ಮಧ್ಯಮ ತುಂಡು ಮಾಡಿ. ಗ್ರೈಂಡರಿಗೆ ನೀರು ಬಿಡುತ್ತಾ, ಮಾಸ್ಕ್ ಹಾಕಿಯೇ ಕತ್ತರಿಸಿ. ಆ ಬಿಳಿ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು.

ಕಂಪ್ಯಾಕ್ಟರ್ 90–100 ಕೆ.ಜಿ.ಯದ್ದು ಬಾಡಿಗೆಗೆ ಸಿಗುತ್ತದೆ, ತಟ್ಟೆಯ ಕೆಳಗೆ ರಬ್ಬರ್ ಹಾಳೆ ಕಟ್ಟಿಸಿಕೊಳ್ಳಿ. ಓಡಿಸುವ ಮುಂಚೆ ಟೈಲ್ಸ್ ಮಟ್ಟ ಬೇಕಾದ್ದಕ್ಕಿಂತ 5–6 ಮಿ.ಮೀ. ಮೇಲೇ ಇರಬೇಕು. ಮೊದಲು ಎರಡು ಸುತ್ತು, ಒಡೆದವನ್ನು ಆಗಲೇ ಬದಲಿಸಿ, ಆಮೇಲೆ ಪೂರ್ತಿ ಒಣಗಿದ ಸಣ್ಣ ಮರಳನ್ನು ಪೊರಕೆಯಲ್ಲಿ ಗುಡಿಸಿ ಸಂದಿಗೆ ತುಂಬಿ, ಮತ್ತೆ ಎರಡು ಸುತ್ತು. ಚದರ ಮೀಟರಿಗೆ 4 ಕೆ.ಜಿ. ಹಿಡಿಯುತ್ತದೆ, ಒಟ್ಟು 300 ಕೆ.ಜಿ. ಹತ್ತಿರ. ಒದ್ದೆ ಮರಳು ಸಂದಿಯ ಬಾಯಲ್ಲೇ ಸಿಕ್ಕಿಕೊಂಡು ತುಂಬಿದ ಹಾಗೆ ಕಾಣಿಸುತ್ತದೆ, ಒಳಗೆ ಟೊಳ್ಳು. ಚೂಪಾದ ಚಾಕು ತೂರಿಸಿ ನೋಡಿ, ಸುಲಭವಾಗಿ ಒಂದು ಇಂಚು ಇಳಿದರೆ ಕೆಲಸ ಮುಗಿದಿಲ್ಲ.

ಚೇಂಬರ್ ಮುಚ್ಚಳದ ಸುತ್ತ ಟೈಲ್ಸ್ ತುಂಡು ಹಾಕದೆ ಒಂದು ಗೇಣು ಕಾಂಕ್ರೀಟ್ ಪಟ್ಟಿ ಹಾಕಿ, ಮುಚ್ಚಳವನ್ನು ಅದರ ಮಟ್ಟಕ್ಕೇ ತನ್ನಿ. ಜಾಲರಿ ಇದ್ದರೆ ಅದರ ಸರಳು ಸೈಕಲ್ ದಿಕ್ಕಿಗೆ ಅಡ್ಡ ಇರುವಂತೆ ತಿರುಗಿಸಿ ಕೂರಿಸಿ. ಬಹಳ ಕಡೆ ಇದು ಉಲ್ಟಾ ಇರುತ್ತದೆ, ತಿರುಗಿಸಲು ಐದು ನಿಮಿಷ ಸಾಕು. ಮರದ ಬೇರು ಕಡಿಯಬೇಡಿ. ಬೊಡ್ಡೆಯ ಸುತ್ತ ಒಂದು ಮೀಟರ್ ಟೈಲ್ಸ್ ಬಿಟ್ಟು ಸಡಿಲ ಜಲ್ಲಿ ತುಂಬಿ, ಬೇರು ಎತ್ತಿದರೂ ಯಾರೂ ಎಡವುವುದಿಲ್ಲ.

ಗೇಟು, ಕ್ರಾಸಿಂಗ್ ಬಳಿಯ ಇಳಿಜಾರಿನಲ್ಲಿ ಒಂದು ಲೆಕ್ಕ ತಪ್ಪುವುದು ಸಾಮಾನ್ಯ. ಫುಟ್‌ಪಾತ್ ಬಗ್ಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಕೊಟ್ಟ ಮಾರ್ಗಸೂಚಿ ಐಆರ್‌ಸಿ 103ರ ಪ್ರಕಾರ ಕರ್ಬ್ ಎತ್ತರ ಹೆಚ್ಚೆಂದರೆ 150 ಮಿ.ಮೀ., ರ‍್ಯಾಂಪ್ 1:12. ಅಂದರೆ 1.8 ಮೀಟರ್ ಉದ್ದದ ಇಳಿಜಾರು, ನಮ್ಮ ಫುಟ್‌ಪಾತ್ ಅಗಲದಷ್ಟೇ. ಅಡ್ಡಕ್ಕೆ ಇಳಿಸಿದರೆ ನಡೆಯಲು ಸಮತಟ್ಟು ಜಾಗವೇ ಉಳಿಯುವುದಿಲ್ಲ. ಹಾಗಾಗಿ ಕ್ರಾಸಿಂಗಿನಲ್ಲಿ ಇಡೀ ಫುಟ್‌ಪಾತನ್ನೇ ಉದ್ದಕ್ಕೆ ಎರಡೂ ಕಡೆಯಿಂದ ನಿಧಾನಕ್ಕೆ ಇಳಿಸಿದೆವು. ಕಣ್ಣು ಕಾಣದವರು ಕಾಲಿನಲ್ಲಿ ಗುರುತಿಸಲೆಂದು ಅಲ್ಲಿದ್ದ ಹಳದಿ ಉಬ್ಬು ಚುಕ್ಕೆ ಟೈಲ್ಸ್ ಮತ್ತೆ ಅದೇ ಜಾಗಕ್ಕೆ ಬರಬೇಕು. ಚುಕ್ಕೆ ಎಂದರೆ ನಿಲ್ಲಿ, ಗೆರೆ ಎಂದರೆ ಮುಂದೆ ಹೋಗಿ. ಅಂದಕ್ಕೆಂದು ಬೆರೆಸಿ ಹಾಕಿದರೆ ಅವರನ್ನು ನೇರ ರಸ್ತೆಗೆ ಇಳಿಸಿದ ಹಾಗೆ.

ಇಬ್ಬರು ಮೇಸ್ತ್ರಿ, ನಾಲ್ವರು ಆಳು, ಅಂಚಿನ ಕಾಂಕ್ರೀಟ್ ಒಣಗುವ ದಿನ ಬಿಟ್ಟು ಆರು ದಿನ. ಫೆಬ್ರವರಿಯಲ್ಲಿ ಮಾಡಿದ್ದರಿಂದ ಮರಳು ಒಣಗಿಸಲು ಬಿಸಿಲಿತ್ತು, ಮೇ ತಿಂಗಳ ಮುಂಗಾರುಪೂರ್ವ ಮಳೆಯಲ್ಲಿ ತಪ್ಪುಗಳು ತಾವಾಗಿ ಕಾಣಿಸಿದವು: ಒಂದು ಚೇಂಬರ್ ಪಕ್ಕ 8 ಮಿ.ಮೀ. ತಗ್ಗು, ಹನ್ನೆರಡು ಟೈಲ್ಸ್ ಎತ್ತಿ ಒಂದು ಗಂಟೆಯಲ್ಲಿ ಸರಿಯಾಯಿತು. ಮೂರು ತಿಂಗಳಿಗೆ ಸಂದಿ ಮರಳು ಇಳಿದಿರುತ್ತದೆ, ಇನ್ನೊಮ್ಮೆ ಗುಡಿಸಿ ತುಂಬಬೇಕು, ಅದಕ್ಕೆ ಎರಡು ಮೂಟೆ ಒಣ ಮರಳು ಎತ್ತಿಟ್ಟಿರಿ. ಜೊತೆಗೆ 50 ಟೈಲ್ಸ್ ಕೂಡ. ಮುಂದಿನ ವರ್ಷ ಅದೇ ಅಂಗಡಿಯಲ್ಲಿ ಕೇಳಿದರೂ ಅಚ್ಚು ಸವೆದು ಒಂದೆರಡು ಮಿ.ಮೀ. ವ್ಯತ್ಯಾಸ ಬಂದಿರುತ್ತದೆ, ಹಳೆ ಸಾಲಿನಲ್ಲಿ ಕೂರುವುದಿಲ್ಲ.