ಹುಟ್ಟಿದ ದಿನವೇ ಹೇಂಟೆ ಮರಿಯನ್ನು ಗುರುತಿಸುವ ಜೋಡಿ

ಮೊಟ್ಟೆಯೊಡೆದ ದಿನವೇ ಮರಿಗಳ ಲಿಂಗ ತಿಳಿಯಬೇಕಾದರೆ, ರೋಡ್ ಐಲೆಂಡ್ ರೆಡ್ ಎಂಬ ಕೆಂಪು ತಳಿಯ ಹುಂಜವನ್ನು ಪಟ್ಟೆ ಗರಿಯ ಪ್ಲೈಮೌತ್ ರಾಕ್ ತಳಿಯ ಹೇಂಟೆಗಳೊಡನೆ ಬಿಡಿ: ಹುಟ್ಟುವ ಕಪ್ಪು ಮರಿಗಳಲ್ಲಿ ನೆತ್ತಿಯ ಮೇಲೆ ಬಿಳಿ ಚುಕ್ಕೆಯಿರುವವು ಗಂಡು, ಇಲ್ಲದವು ಹೆಣ್ಣು. ಪಟ್ಟೆಯ ವಂಶವಾಹಿಯು ಲಿಂಗಕ್ಕೆ ಸಂಬಂಧಿಸಿದ ಝಡ್ ಎಂಬ ವರ್ಣತಂತುವಿನ ಮೇಲಿದೆ. ಹುಂಜಕ್ಕೆ ಎರಡು ಝಡ್‌ಗಳಿದ್ದು ಹೇಂಟೆಗೆ ಒಂದೇ ಇರುವುದರಿಂದ, ತಾಯಿಯ ಪಟ್ಟೆಯು ಗಂಡುಮರಿಗಳಿಗೆ ಮಾತ್ರ ಸೇರುತ್ತದೆ, ಹೆಣ್ಣುಮರಿಗಳು ತಮ್ಮ ಝಡ್ ಅನ್ನು ತಂದೆಯಿಂದಲೇ ಪಡೆಯುತ್ತವೆ. ಚುಕ್ಕೆಯನ್ನು ನೆತ್ತಿಯ ಮೇಲೆಯೇ ನೋಡಬೇಕು, ಏಕೆಂದರೆ ಹೊಟ್ಟೆ ಮತ್ತು ರೆಕ್ಕೆಯ ತುದಿಯ ಬಿಳುಪು ಎರಡೂ ಲಿಂಗದ ಮರಿಗಳಲ್ಲಿ ಕಾಣುವುದುಂಟು. ಜೋಡಿಯನ್ನು ತಿರುಗಿಸಿ ಶುದ್ಧ ತಳಿಯ ಪಟ್ಟೆ ಹುಂಜವನ್ನು ಕೆಂಪು ಹೇಂಟೆಗಳಿಗೆ ಬಿಟ್ಟರೆ ಎಲ್ಲ ಮರಿಗಳಿಗೂ ಪಟ್ಟೆ ಬರುವುದರಿಂದ ಈ ಗುರುತು ಉಪಯೋಗಕ್ಕೆ ಬಾರದು. ಮೊದಲು ಹೇಳಿದ ಜೋಡಿಗೆ ಹುಟ್ಟಿದ ಕಪ್ಪು ಕೋಳಿಗಳನ್ನೇ ತಮ್ಮತಮ್ಮಲ್ಲಿ ಕೂಡಿಸಿದಾಗಲೂ ಮುಂದಿನ ಪೀಳಿಗೆಯಲ್ಲಿ ಲೆಕ್ಕ ತಪ್ಪುತ್ತದೆ. ಬಿಳಿ ಲೆಗಾರ್ನ್ ಹುಂಜವಂತೂ ಬೇಡವೇ ಬೇಡ, ಅದರ ಪ್ರಬಲ ಬಿಳಿ ಗುಣವು ಕಪ್ಪು ಬಣ್ಣವನ್ನೇ ಮುಚ್ಚಿಬಿಡುತ್ತದೆ. ಕೆಂಪು ಹುಂಜ ಸಿಗದಿದ್ದರೆ ಪಟ್ಟೆಯಿಲ್ಲದ ಕೆಂಪು ಅಥವಾ ಕಪ್ಪು ನಾಟಿ ಹುಂಜವೂ ನಡೆಯುತ್ತದೆ, ಹುಟ್ಟುವ ಹೇಂಟೆಗಳ ಮೊಟ್ಟೆಯ ಪ್ರಮಾಣ ಮಾತ್ರ ಕಡಿಮೆಯಾದೀತು. ಬಹಳ ಮಂದಿ ಕಡೆಗಣಿಸುವ ಇನ್ನೊಂದು ಸಂಗತಿಯೆಂದರೆ, ಹೇಂಟೆಯ ದೇಹದಲ್ಲಿ ಹಿಂದಿನ ಹುಂಜದ ವೀರ್ಯವು ಎರಡು ಮೂರು ವಾರ ಉಳಿದಿರಬಲ್ಲದು. ಆದ್ದರಿಂದ ಹಳೆಯ ಹುಂಜವನ್ನು ಬೇರೆ ಮಾಡಿ ಮೂರು ವಾರ ಕಳೆದ ಮೇಲಿನ ಮೊಟ್ಟೆಗಳನ್ನಷ್ಟೇ ಕಾವಿಗೆ ಇಡಬೇಕು.